ಹೊರದೇಶಕ್ಕೆ ಹೊರಟ ನರ್ಸ್‌ಗಳ ಲೆಕ್ಕ ಜಿಲ್ಲೆಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಕೊಡಗಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೊರತೆಯ ಬಗ್ಗೆ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಕೆಲವು ದಿನಗಳಿಂದ ನಡೆಯುತ್ತಿರುವ ಚರ್ಚೆಯನ್ನು ಓದುತ್ತಾ ಬಂದಿದ್ದೇನೆ. ಜನರ ತೆರಿಗೆ ಹಣದಲ್ಲಿ ಓದಿ, ಕೈಗೆ ಕೆಲಸ ಹತ್ತಿದ ಮೇಲೆ ಹೊರದೇಶಕ್ಕೆ ಹಾರಿಹೋಗುವ ಹೆಣ್ಣುಮಕ್ಕಳಿಗೆ ಊರಿನ ಋಣ ನೆನಪಿರುವುದಿಲ್ಲ ಎಂದು ಒಬ್ಬರು ಬರೆದಿದ್ದರೆ, ಅಂಥವರಿಂದ ಬಾಂಡ್ ಬರೆಸಿಕೊಂಡು ಐದು ವರ್ಷ ಇಲ್ಲೇ ಕಟ್ಟಿಹಾಕಬೇಕು ಎಂದು ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ಮೊದಲು ಖಾಸಗಿ ಆಸ್ಪತ್ರೆಯಲ್ಲಿ, ಆಮೇಲೆ ಸರ್ಕಾರಿ ಸೇವೆಯಲ್ಲಿ, ಒಟ್ಟು ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದು ಈಗ ವಿರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ, ಈ ಎರಡು ಮಾತುಗಳಿಗೂ ಉತ್ತರ ಬರೆಯದೆ ಸುಮ್ಮನಿರಲು ಆಗಲಿಲ್ಲ.

ಮೊದಲು ತೆರಿಗೆ ಹಣದ ಮಾತು. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಅವುಗಳಲ್ಲಿ ಬಹುಪಾಲು ಖಾಸಗಿಯವರದು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ನ ಶುಲ್ಕ, ಹಾಸ್ಟೆಲ್, ಸಮವಸ್ತ್ರ, ಆಸ್ಪತ್ರೆಯಲ್ಲಿನ ತರಬೇತಿಗೆ (ಕ್ಲಿನಿಕಲ್ ಪೋಸ್ಟಿಂಗ್) ಓಡಾಡುವ ಬಸ್ಸಿನ ಖರ್ಚು, ಎಲ್ಲವೂ ಬರುವುದು ಹೆತ್ತವರು ಕಾಳುಮೆಣಸು ಮಾರಿದ ದುಡ್ಡಿನಿಂದ, ಬ್ಯಾಂಕಿನ ಶಿಕ್ಷಣ ಸಾಲದಿಂದ, ಕೆಲವು ಮನೆಗಳಲ್ಲಿ ತಾಯಿಯ ಸರ ಅಡವಿಟ್ಟ ಹಣದಿಂದ. ಸರ್ಕಾರಿ ಕಾಲೇಜಿನಲ್ಲಿ ಓದಿದವರೂ ಇದ್ದಾರೆ, ಅವರ ಮಟ್ಟಿಗೆ ಆ ಮಾತು ಒಪ್ಪೋಣ. ಆದರೆ ನಮ್ಮ ಜಿಲ್ಲೆಯಿಂದ ಐರ್ಲೆಂಡಿಗೋ ಜರ್ಮನಿಗೋ ಹೋದವರಲ್ಲಿ ನಾನು ಕಂಡವರೆಲ್ಲ ಸಾಲದ ಕಂತು ಹೊತ್ತುಕೊಂಡೇ ವಿಮಾನ ಹತ್ತಿದವರು.

ಸಣ್ಣ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರುವ ಹುಡುಗಿಗೆ ಸಿಗುವ ಸಂಬಳದಲ್ಲಿ ಆ ಕಂತು ತೀರುವುದಿಲ್ಲ. ಇದು ಯಾರಿಗೂ ತಿಳಿಯದ ಸಂಗತಿಯೂ ಅಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳ ಮತ್ತು ಕೆಲಸದ ಸ್ಥಿತಿಗತಿಯನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2016ರಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, 100ರಿಂದ 200 ಹಾಸಿಗೆಯವು ಅದರಲ್ಲಿ ಶೇ 10ಕ್ಕಿಂತ ಹೆಚ್ಚು, 50ರಿಂದ 100 ಹಾಸಿಗೆಯವು ಶೇ 25ಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ, 50ಕ್ಕಿಂತ ಕಡಿಮೆ ಹಾಸಿಗೆಯ ನರ್ಸಿಂಗ್ ಹೋಂಗಳೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಪಕ್ಕದ ಕೇರಳದ ನರ್ಸ್‌ಗಳು ಬೀದಿಗಿಳಿದು ಹೋರಾಡಿ 2018ರಲ್ಲಿ ಆ ಕನಿಷ್ಠ ಸಂಬಳದ ಅಧಿಸೂಚನೆ ಹೊರಡಿಸಿಕೊಂಡರು. ಕೇರಳದ ಕಡೆಗಿನ ಮಾಕುಟ್ಟದ ಘಾಟಿ ಇಳಿದರೆ ಜಾರಿಗೆ ಬಂದ ದರವೊಂದು ಘಾಟಿ ಹತ್ತಿ ಈಚೆಗೆ ಬಂದಿದ್ದನ್ನು, ನನ್ನ ಪರಿಚಯದ ಖಾಸಗಿ ಆಸ್ಪತ್ರೆಗಳ ಮಟ್ಟಿಗೆ ಹೇಳುವುದಾದರೆ, ನಾನು ಕಂಡಿಲ್ಲ.

ಇನ್ನು ಬಾಂಡ್. ಸಲಹೆ ಕೊಟ್ಟವರು ಇದನ್ನು ಹೊಸ ಉಪಾಯ ಎಂದುಕೊಂಡಿರಬಹುದು. ನನ್ನ ಮೊದಲ ಕೆಲಸ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಸೇರಿದ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾ ಪ್ರಮಾಣಪತ್ರ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಮೂರರ ಮೂಲ ಪ್ರತಿಗಳನ್ನೂ ಪಡೆದು ಆಡಳಿತಾಧಿಕಾರಿಯ ಕೋಣೆಯ ಹಸಿರು ಬಣ್ಣದ ಗಾಡ್ರೇಜ್ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಂದು ವರ್ಷದ ನಂತರ ಸರ್ಕಾರಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಾಗ ಆ ಬೀರುವಿನ ಬೀಗದ ಕೈ ಮಾತ್ರ ಸಿಗಲಿಲ್ಲ. ಅಪ್ಪ, ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಬಂದು, ವರಾಂಡದ ಬೆಂಚಿನ ಮೇಲೆ ಒಂದಿಡೀ ಬೆಳಗ್ಗೆ ಕಾದರು. ಆಡಳಿತಾಧಿಕಾರಿ ಬೆಂಗಳೂರಿಗೆ ಹೋಗಿದ್ದಾರೆ ಎಂಬ ಉತ್ತರ ಕೇಳಿಕೊಂಡು ಹಿಂದಿರುಗಿದರು. ಆ ವರ್ಷದ ಹುದ್ದೆ ಕೈತಪ್ಪಿತು, ಮುಂದಿನದಕ್ಕೆ ನಾನು ಮೂರು ವರ್ಷ ಕಾಯಬೇಕಾಯಿತು. ಆ ಮೂರು ವರ್ಷ ನಾನು ಮನಸ್ಸಿಟ್ಟು ಕೆಲಸ ಮಾಡಿದೆ ಎಂದು ಹೇಳಿದರೆ ಸುಳ್ಳಾದೀತು. ಬಾಂಡ್‌ನಿಂದ ಕಟ್ಟಿಹಾಕಿದ ನರ್ಸ್ ರಾತ್ರಿ ಎರಡು ಗಂಟೆಗೆ ಎದ್ದು ರೋಗಿಯ ಮೂತ್ರದ ಚೀಲ ನೋಡುವಳೇ ಎಂಬುದನ್ನು ಸಲಹೆ ಕೊಟ್ಟವರು ಯೋಚಿಸಲಿ.

ಹಾಗೆಂದು ಇವರು ಹೋಗುವುದರಿಂದ ನಮಗೆ ನಷ್ಟವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನು ಹೊರಗಿನವರು ಗಮನಿಸುವುದು ಕಡಿಮೆ. ನಾನು ನಿವೃತ್ತಳಾಗುವ ಮುಂಚಿನ ವರ್ಷದ ಆಷಾಢದ ಒಂದು ರಾತ್ರಿ, ಮರ ಬಿದ್ದು ರಸ್ತೆ ಮುಚ್ಚಿದ್ದರಿಂದ ಜೀಪಿನಿಂದ ಇಳಿದು ಉಳಿದ ದಾರಿ ನಡೆದೇ ಬಂದ ಯರವ ಬುಡಕಟ್ಟಿನ ದಂಪತಿ, ವಾಂತಿಭೇದಿಯಿಂದ ಬಸವಳಿದ ಹತ್ತು ತಿಂಗಳ ಕೂಸನ್ನು ವಾರ್ಡಿಗೆ ತಂದರು. ಕೂಸಿನ ಕಣ್ಣು ಗುಳಿ ಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು, ರಕ್ತನಾಳ ಎಲ್ಲೂ ಸಿಗುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದ ಹೊಸ ಹುಡುಗಿ ಮೂರು ಸಲ ಚುಚ್ಚಿ, ಕೈ ನಡುಗಿ ಹಿಂದೆ ಸರಿದಳು. ಆಗ ಪಕ್ಕದ ವಾರ್ಡಿನಿಂದ ಓಡಿ ಬಂದ, ನಾಲ್ಕು ವರ್ಷ ಅನುಭವವಿದ್ದ ಸಿಸ್ಟರ್ ಒಬ್ಬಳು ಕೂಸಿನ ತಲೆಯನ್ನು ಬೆಳಕಿಗೆ ತಿರುಗಿಸಿ, ಕಿವಿಯ ಮೇಲ್ಭಾಗದಲ್ಲಿ ಕೂದಲಿನಷ್ಟು ಸಣ್ಣದಾಗಿ ಕಂಡ ನಾಳಕ್ಕೆ ಒಂದೇ ಸಲಕ್ಕೆ ಡ್ರಿಪ್ ಕೊಡುವ ಸಣ್ಣ ಕೊಳವೆ (ಕ್ಯಾನುಲಾ) ಹಾಕಿದಳು. ಹಾಕುವಾಗ ಆ ತಾಯಿಯ ಜೊತೆ ಅವಳದೇ ಮಾತಿನಲ್ಲಿ ಏನೋ ಹೇಳಿ ಸಮಾಧಾನ ಮಾಡುತ್ತಲೂ ಇದ್ದಳು. ಕೂಸು ಬದುಕಿತು. ಆ ಸಿಸ್ಟರ್ ಈಗ ಐರ್ಲೆಂಡಿನಲ್ಲಿದ್ದಾಳೆ. ಖಾಲಿಯಾದ ಅವಳ ಜಾಗಕ್ಕೆ ಎಂಟು ತಿಂಗಳ ನಂತರ ಯಾರೋ ಬಂದರು ಎಂದು ಕೇಳಿದೆ, ಬಂದವರು ಹೊಸಬರು.

ಕೊಡಗಿನ ಕಷ್ಟ ಇರುವುದು ಇಲ್ಲೇ. ಹೊರದೇಶದ ಕೆಲಸಕ್ಕೆ ಸಾಮಾನ್ಯವಾಗಿ ಒಂದೆರಡು ವರ್ಷದ ಆಸ್ಪತ್ರೆ ಅನುಭವ ಕೇಳುತ್ತಾರೆ. ಆ ಅನುಭವ ಪಡೆಯಲು ಕೇರಳದ ಇರಿಟ್ಟಿ, ಕಣ್ಣೂರು ಕಡೆಯ ಹುಡುಗಿಯರೂ, ನಮ್ಮ ಊರಿನ ಹುಡುಗಿಯರೂ ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಕುಶಾಲನಗರದ ಆಸ್ಪತ್ರೆಗಳಿಗೆ ಬರುತ್ತಾರೆ. ಕೈ ಪಳಗುವ ಹೊತ್ತಿಗೆ ಹೊರಡುತ್ತಾರೆ. ಹಾಗಾಗಿ ನಮ್ಮ ಆಸ್ಪತ್ರೆಗಳಲ್ಲಿ ಕೆಲಸ ಕಲಿಯುತ್ತಿರುವವರು ಸದಾ ಇರುತ್ತಾರೆ, ಕಲಿತವರು ಮಾತ್ರ ಇರುವುದಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂಬುದು ಕೇಂದ್ರ ಸರ್ಕಾರದ ಹಳೆಯ ಅಳತೆ. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಒಬ್ಬಳೇ ನಿಂತ ಎಷ್ಟೋ ರಾತ್ರಿಗಳು ನನ್ನ ಲೆಕ್ಕದಲ್ಲಿವೆ. ಆ ಒಬ್ಬಳು ಹೊಸಬಳಾದರೆ ಏನಾಗುತ್ತದೆ ಎಂಬುದನ್ನು ಮೇಲೆ ಬರೆದಿದ್ದೇನೆ.

ಹೊರದೇಶಗಳಿಗೆ ಇವರು ಏಕೆ ಬೇಕು ಎಂಬುದು ಬಹಳ ಸಲ ಚರ್ಚೆಯಾಗಿರುವ ವಿಷಯವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಮಂದಿಯ ಕೊರತೆ ಇತ್ತು, ಶ್ರೀಮಂತ ದೇಶಗಳ ನರ್ಸ್‌ಗಳಲ್ಲಿ ಶೇ 23ರಷ್ಟು ಬೇರೆ ದೇಶದಲ್ಲಿ ಹುಟ್ಟಿದವರು. ಬಡ ದೇಶಗಳ ಆಸ್ಪತ್ರೆಗಳು ಬರಿದಾಗದಿರಲಿ ಎಂದು ಅದೇ ಸಂಸ್ಥೆ 2010ರಲ್ಲಿ ನೇಮಕಾತಿಯ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ಸದಸ್ಯ ರಾಷ್ಟ್ರಗಳು ಒಪ್ಪಿದರೂ ಅದು ಕಡ್ಡಾಯವಲ್ಲ. ಆರೋಗ್ಯ ಸಿಬ್ಬಂದಿಯ ಕೊರತೆ ತೀವ್ರವಾಗಿರುವುದರಿಂದ ಅಲ್ಲಿನವರನ್ನು ಸೆಳೆಯದಿರಿ ಎಂದು ಆ ಸಂಸ್ಥೆ ಹೇಳುವ 55 ದೇಶಗಳ ಪಟ್ಟಿಯನ್ನು 2023ರಲ್ಲಿ ಪರಿಷ್ಕರಿಸಿದಾಗ ಭಾರತದ ಹೆಸರು ಅದರಲ್ಲಿ ಇರಲಿಲ್ಲ. ದೇಶದ ಸರಾಸರಿ ತೆಗೆದರೆ ನಾವು ಅಷ್ಟು ಕೆಳಗಿಲ್ಲ ಎಂಬುದು ಅದರ ಅರ್ಥ. ಬ್ರಿಟನ್ ಆಗಲಿ, ಜರ್ಮನಿ ಆಗಲಿ ಆ ಪಟ್ಟಿ ನೋಡಿಯೇ ನಮ್ಮಲ್ಲಿಗೆ ಬರುತ್ತವೆ, ಅದು ತಪ್ಪೂ ಅಲ್ಲ. ಆದರೆ ಬೆಂಗಳೂರಿನ ಆಸ್ಪತ್ರೆಯ ಕಾರಿಡಾರನ್ನೂ ಕೊಡಗಿನ ಬಿರುನಾಣಿ ಹಳ್ಳಿಯ ಆರೋಗ್ಯ ಕೇಂದ್ರವನ್ನೂ ಒಟ್ಟಿಗೆ ಕೂಡಿ ಭಾಗಿಸಿದ ಸರಾಸರಿಯೊಳಗೆ ಕೊಡಗು ಎಲ್ಲಿ ಕಾಣಿಸಬೇಕು?

ಸರಾಸರಿಯ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ದೇಶದಲ್ಲಿ 33.41 ಲಕ್ಷ ನೋಂದಾಯಿತ ನರ್ಸಿಂಗ್ ಸಿಬ್ಬಂದಿ ಇದ್ದಾರೆ, ಸಾವಿರ ಜನರಿಗೆ 1.96 ಮಂದಿಯಂತೆ ಆಗುತ್ತದೆ ಎಂದು ಕೇಂದ್ರ ಸರ್ಕಾರ 2022ರಲ್ಲಿ ಹೇಳಿತ್ತು. ಹಾಗೆ ನೋಂದಾಯಿತರಲ್ಲಿ ನನ್ನಂತೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರು ಎಷ್ಟು, ಡಬ್ಲಿನ್ನಿನಲ್ಲೋ ದುಬೈಯಲ್ಲೋ ಡ್ಯೂಟಿಯಲ್ಲಿರುವವರು ಎಷ್ಟು ಎಂಬ ವಿಂಗಡಣೆ ಆ ಸಂಖ್ಯೆಯಲ್ಲಿಲ್ಲ. ನನ್ನ ಹೆಸರನ್ನು ನೋಂದಣಿಯಿಂದ ತೆಗೆಯಿರಿ ಎಂದು ನಾನು ಎಲ್ಲೂ ಅರ್ಜಿ ಕೊಟ್ಟಿಲ್ಲ, ತೆಗೆಯಬೇಕೆ ಎಂದು ನನ್ನನ್ನು ಯಾರೂ ಕೇಳಿಯೂ ಇಲ್ಲ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ ಲೆಕ್ಕ. ಹೊರದೇಶದ ನರ್ಸಿಂಗ್ ಮಂಡಳಿಗಳು ನಮ್ಮ ನರ್ಸ್‌ಗಳನ್ನು ಸೇರಿಸಿಕೊಳ್ಳುವ ಮುಂಚೆ, ಇವರ ನೋಂದಣಿ ಸರಿಯಾಗಿದೆ, ಇವರ ಮೇಲೆ ಶಿಸ್ತುಕ್ರಮ ಯಾವುದೂ ಇಲ್ಲ ಎಂಬ ದೃಢೀಕರಣವನ್ನು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಕೇಳುತ್ತವೆ. ನಮ್ಮ ಹುಡುಗಿಯರು ಇದನ್ನು ‘ಗುಡ್ ಸ್ಟ್ಯಾಂಡಿಂಗ್’ ಎಂದು ಕರೆಯುತ್ತಾರೆ. ಇಬ್ಬರು ನರ್ಸ್‌ಗಳು ಕ್ಯಾಂಟೀನಿನಲ್ಲಿ ಕುಳಿತು ಆ ಮಾತು ಎತ್ತಿದರೆ ಒಬ್ಬಳು ಹೊರಟಳು ಎಂದೇ ನಾವು ತಿಳಿಯುತ್ತಿದ್ದೆವು. ಹೊರಡುವವಳು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಮುಂಚೆಯೇ ಈ ಅರ್ಜಿ ಹಾಕಿರುತ್ತಾಳೆ. ಅಂದರೆ ಯಾರು ಹೋಗಲು ಸಿದ್ಧರಾಗಿದ್ದಾರೆ ಎಂಬುದು ಬೆಂಗಳೂರಿನ ಕಚೇರಿಯೊಂದರ ಕಡತಗಳಲ್ಲಿ ಆಗಲೇ ದಾಖಲಾಗಿರುತ್ತದೆ. ಆ ಸಂಖ್ಯೆಯನ್ನು ಹೆಸರಿಲ್ಲದೆ, ಬರೀ ತಾಲ್ಲೂಕುವಾರು ಎಣಿಕೆಯಾಗಿ ಮೂರು ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿದರೆ, ಯಾವ ಕಡೆ ಎಷ್ಟು ಜಾಗ ಖಾಲಿಯಾಗಲಿದೆ ಎಂಬುದು ಖಾಲಿಯಾಗುವ ಮುಂಚೆಯೇ ಗೊತ್ತಾಗುತ್ತದೆ. ಹೆಸರು ಬೇಡ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆಸರು ಗೊತ್ತಾದ ದಿನವೇ ಕೆಲವು ಆಸ್ಪತ್ರೆಗಳಲ್ಲಿ ಆ ಹುಡುಗಿಗೆ ಸತತವಾಗಿ ನೈಟ್ ಡ್ಯೂಟಿ ಬೀಳಲು ಶುರುವಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ಬಂದ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ ರಾಷ್ಟ್ರ ಮತ್ತು ರಾಜ್ಯ ಮಟ್ಟದ ನೋಂದಣಿ ಪುಸ್ತಕಗಳನ್ನು ಇಡಬೇಕು ಎಂದು ಹೇಳಿದೆ. ಆ ಪುಸ್ತಕ ಜಿಲ್ಲೆಯ ಉಪಯೋಗಕ್ಕೂ ಬರಲಿ ಎಂದಷ್ಟೇ ನನ್ನ ಕೋರಿಕೆ.

ಮನೆ ಬಿಟ್ಟು ಹೊರಗೆ ಹೋಗಿ ದುಡಿಯುವುದು ಕೊಡಗಿಗೆ ಹೊಸದಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ಕಾಲಕ್ಕೂ ಮುಂಚಿನಿಂದ ನಮ್ಮ ಮನೆಗಳ ಗಂಡುಮಕ್ಕಳು ಸೈನ್ಯಕ್ಕೆ ಹೋಗುತ್ತಿದ್ದಾರೆ. ಅವರನ್ನು ಯಾರೂ ಊರು ಬಿಟ್ಟವರು ಎಂದು ಬೈಯಲಿಲ್ಲ. ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಪಿಂಚಣಿಯ ತಕರಾರಿದ್ದರೆ ವಿಧವೆಯೊಬ್ಬಳು ಅಲ್ಲಿಗೆ ಹೋಗಿ ಕೇಳಬಹುದು. ಹೆಣ್ಣುಮಕ್ಕಳು ಹೊರಟಾಗ ಮಾತ್ರ ಋಣದ ಮಾತು ನೆನಪಾಗುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ನಾನು ನರ್ಸಿಂಗ್‌ಗೆ ಸೇರುವಾಗ, ಕಂಡವರ ಮಲಮೂತ್ರ ತೊಳೆಯುವ ಕೆಲಸಕ್ಕೆ ಮಗಳನ್ನು ಕಳಿಸುತ್ತೀಯಾ ಎಂದು ಅಪ್ಪನನ್ನು ಕೇಳಿದ ನೆಂಟರ ಮನೆಯಿಂದಲೇ ಈಗ ಇಬ್ಬರು ಮೊಮ್ಮಕ್ಕಳು ಈ ಕೋರ್ಸ್‌ನಲ್ಲಿ ಓದುತ್ತಿದ್ದಾರೆ. ಅವರ ಕಣ್ಣು ಹೊರದೇಶದ ಮೇಲೇ ಇದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೋಗುವವರಿಗೆ ಕೇಳಲು ಒಂದು ಕಚೇರಿ ಇಲ್ಲದಿರುವುದರಿಂದ ಆಗುತ್ತಿರುವ ಮೋಸದ ಬಗ್ಗೆಯೂ ಬರೆಯಲೇಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಅಭ್ಯರ್ಥಿಯಿಂದ ಅವನು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಹೋಗುವ ನರ್ಸ್‌ಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. 2015ರಿಂದ ಅವರ ನೇಮಕಾತಿ ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಆಗಬೇಕು. ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದ 46 ಭಾರತೀಯ ನರ್ಸ್‌ಗಳು 2014ರ ಜುಲೈನಲ್ಲಿ ಕೊಚ್ಚಿಗೆ ಬಂದಿಳಿದದ್ದು ಅನೇಕರಿಗೆ ನೆನಪಿರಬಹುದು. ಯುದ್ಧದ ನಡುವೆಯೂ ಅವರು ಅಲ್ಲಿ ಉಳಿಯಲು ಊರಿನಲ್ಲಿದ್ದ ಸಾಲವೂ ಕಾರಣವಾಗಿತ್ತು.

ಇಷ್ಟೆಲ್ಲ ಆದ ಮೇಲೂ ನನ್ನ ನೆರೆಮನೆಯ ಹುಡುಗಿಯೊಬ್ಬಳು, ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವಳು, ಬ್ರಿಟನ್ನಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ವೀಸಾಕ್ಕಾಗಿ ಏಜೆಂಟನೊಬ್ಬನಿಗೆ ಲಕ್ಷಗಟ್ಟಲೆ ಹಣ ಕಟ್ಟಿದ್ದಳು. ಅವನು ಕೊಟ್ಟ ರಸೀದಿಯನ್ನು ನಾನು ನೋಡಿದ್ದೇನೆ. ಅಂಗಡಿಯಲ್ಲಿ ಸಿಗುವ ಖಾಲಿ ರಸೀದಿ ಪುಸ್ತಕದ ಹಾಳೆ, ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಪ್ರೊಸೆಸಿಂಗ್’ ಎಂದು ಬರೆದು ಒಂದು ಗೀಚು ಸಹಿ, ಸಂಸ್ಥೆಯ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳ ನೇಮಕಾತಿಯನ್ನು ಬ್ರಿಟನ್ ಮುಚ್ಚಿದ ಮೇಲೆ ಏಜೆಂಟನ ಫೋನ್ ಸ್ವಿಚ್ ಆಫ್ ಆಯಿತು. ನರ್ಸ್ ಆಗಿ ನೋಂದಣಿ ಮಾಡಿಸಿ ಹೋಗುವುದು ಬೇರೆ, ಕೇರ್ ವರ್ಕರ್ ಆಗಿ ಹೋಗುವುದು ಬೇರೆ ಎಂಬ ಮೊದಲ ವ್ಯತ್ಯಾಸವನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮನೆಯವರು ಕಣ್ಣು ಬಿದ್ದೀತೆಂದು ಗುಟ್ಟಾಗಿ ಇಟ್ಟಿದ್ದರು.

ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ಆಯ್ಕೆಯಾದ ನರ್ಸ್‌ಗಳಿಗೆ ಭಾಷೆಯನ್ನೂ ತಾನೇ ಕಲಿಸಿ ಕಳಿಸುತ್ತಿದೆ. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಇರುವುದು ಬೆಂಗಳೂರಿನಲ್ಲಿ. ರೈಲಿಲ್ಲದ ಜಿಲ್ಲೆಯಿಂದ, ವಾರಕ್ಕೆ ಒಂದು ರಜೆ ಸಿಗುವ ಹುಡುಗಿ ಅಲ್ಲಿಗೆ ಹೋಗಿ ವಿಚಾರಿಸಿ ಬರಲು ಎರಡು ದಿನ ಬೇಕು; ಏಜೆಂಟ್ ಆದರೆ ಆಸ್ಪತ್ರೆಯ ಗೇಟಿನ ಬಳಿಗೇ ಬರುತ್ತಾನೆ. ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ತಿಂಗಳಿಗೊಂದು ದಿನ, ಸಾಧ್ಯವಾದರೆ ಭಾನುವಾರ, ಆ ಕೇಂದ್ರದ ಒಬ್ಬ ಅಧಿಕಾರಿ ಕುಳಿತರೆ ಸಾಕು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಪೋರ್ಟಿಕೋದ ಎಡಗಡೆಯ ಕಂಬದ ಬಳಿ ಮಾತ್ರ. ನೈಟ್ ಡ್ಯೂಟಿಯ ನಡುವೆ ಸಿಗುವ ಅರ್ಧ ಗಂಟೆಯಲ್ಲಿ, ಸ್ವೆಟರ್ ಮೇಲೆ ಶಾಲು ಹೊದ್ದು, ಆ ಕಂಬಕ್ಕೆ ಒರಗಿ, ಫೋನಿನಲ್ಲಿ ಜರ್ಮನ್ ಪಾಠ ಕೇಳುತ್ತಾ ತುಟಿ ಅಲುಗಿಸುತ್ತಿದ್ದ ಹುಡುಗಿಯರನ್ನು ನಾನು ನೋಡಿದ್ದೇನೆ. ಇಷ್ಟು ಕಷ್ಟಪಡುವವರು ಹೋಗದಂತೆ ತಡೆಯುವುದು ಯಾರಿಂದಲೂ ಆಗದು.

ಆಗುವ ಕೆಲಸ ಎಂದರೆ ಇಲ್ಲಿ ಉಳಿಯಲು ಮನಸ್ಸಿರುವವರನ್ನು ಉಳಿಸಿಕೊಳ್ಳುವುದು. ಅಂಥವರು ಇಲ್ಲವೆಂದು ತಿಳಿಯಬಾರದು. ವಯಸ್ಸಾದ ತಂದೆತಾಯಿ ಇರುವವರು, ಸಣ್ಣ ಮಕ್ಕಳಿರುವವರು, ತೋಟ ಬಿಟ್ಟು ಹೋಗಲಾರದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಗುತ್ತಿಗೆಯಲ್ಲಿ ದುಡಿಯುತ್ತಿದ್ದಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಂ ಮಾಡಿ ಎಂದು 2023ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದನ್ನು ತಮ್ಮ ಪತ್ರಿಕೆಯ ಓದುಗರು ಮರೆತಿರಲಾರರು. ವರ್ಷ ವರ್ಷವೂ ಒಪ್ಪಂದದ ನವೀಕರಣಕ್ಕೆ ಕೈಕಟ್ಟಿ ನಿಲ್ಲುವ ನರ್ಸ್‌ಗೆ ಬ್ಯಾಂಕಿನವರು ಮನೆ ಸಾಲವನ್ನೂ ಕೊಡುವುದಿಲ್ಲ. ಕರಿಕೆ, ಕುಟ್ಟ, ಶ್ರೀಮಂಗಲದಂಥ ಗಡಿ ಊರುಗಳಲ್ಲಿ ವಾಸಕ್ಕೆ ಯೋಗ್ಯವಾದ ವಸತಿಗೃಹ, ಮಳೆಗಾಲದ ರಾತ್ರಿ ಪಾಳಿಗೆ ಕರೆದೊಯ್ಯುವ ಒಂದು ವಾಹನ, ಇವೆರಡನ್ನು ಕೊಟ್ಟರೆ ಸಂಬಳಕ್ಕಿಂತ ಹೆಚ್ಚು ಫಲ ಸಿಕ್ಕೀತು ಎಂದು ನನ್ನ ಅನುಭವ ಹೇಳುತ್ತದೆ. ಜಿಲ್ಲೆಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು 2019ರಲ್ಲಿ ನಮ್ಮ ಯುವಕರು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಸಿದರು, ನಾನೂ ಮನಸಾರೆ ಬೆಂಬಲಿಸಿದೆ. ಆ ಬೇಡಿಕೆಯ ಪಟ್ಟಿಯಲ್ಲಿ ಕಟ್ಟಡ, ಯಂತ್ರ, ತಜ್ಞ ವೈದ್ಯರು ಎಲ್ಲವೂ ಇದ್ದವು. ಐಸಿಯುವಿನ ಪ್ರತಿ ಹಾಸಿಗೆಗೆ ಮೂರು ಪಾಳಿಯಲ್ಲೂ ಒಬ್ಬೊಬ್ಬ ಪಳಗಿದ ನರ್ಸ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಆಗ ನಾನೂ ಎತ್ತಲಿಲ್ಲ. ಇಲ್ಲಿನ ಗಂಭೀರ ರೋಗಿಗಳನ್ನು ಇಂದಿಗೂ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವವಳೂ ಒಬ್ಬ ನರ್ಸ್ ತಾನೆ.

ಕೊನೆಯದಾಗಿ, ನನಗೆ ಗೊತ್ತಿರುವ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿರುವ ಸಿಸ್ಟರ್ ಒಬ್ಬರು ಜರ್ಮನಿಗೆ ಹೊರಟಿದ್ದಾರೆ. ನಿಯಮದಂತೆ ಮೂರು ತಿಂಗಳ ನೋಟಿಸ್ ಕೊಟ್ಟು, ಅದರಲ್ಲಿ ಎರಡು ತಿಂಗಳು ಆಗಲೇ ಕಳೆದಿದೆ. ತಮ್ಮ ಜಾಗಕ್ಕೆ ಬರುವವರಿಗೆ ಹದಿನೈದು ದಿನ ಕೆಲಸ ಹೇಳಿಕೊಟ್ಟು ಹೋಗುತ್ತೇನೆ ಎಂದು ಅವರು ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ಈ ಪತ್ರ ಬರೆಯುವ ದಿನದವರೆಗೂ ಆ ಹುದ್ದೆಗೆ ಜಾಹೀರಾತು ಬಂದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ
ವಿರಾಜಪೇಟೆ ತಾಲ್ಲೂಕು, ಕೊಡಗು